ಸ್ಕಿಪಿಯೊಗಳು ಎಷ್ಟು ಮಂದಿ? ವರ್ಷಕ್ಕೊಮ್ಮೆ ಮತ ಹಾಕುತ್ತಿದ್ದ ರೋಮ್‌ನಲ್ಲಿ ಮನೆತನಗಳು ಬಾಳಿದ ಬಗೆ

ಪ್ರಶ್ನೆ: ರೋಮ್‌ನ ಇತಿಹಾಸ ಓದುವಾಗ ಸ್ಕಿಪಿಯೊ, ಮೆಟೆಲ್ಲಸ್, ಕ್ಲಾಡಿಯಸ್, ಫೇಬಿಯಸ್ ಎಂಬ ಅವವೇ ಹೆಸರುಗಳು ನೂರಾರು ವರ್ಷಗಳುದ್ದಕ್ಕೂ ಎದುರಾಗುತ್ತವೆ. ಹ್ಯಾನಿಬಲ್‌ನನ್ನು ಸೋಲಿಸಿದ ಸ್ಕಿಪಿಯೊ ಮತ್ತು ಕಾರ್ತೇಜ್ ನಗರವನ್ನು ನಾಶಮಾಡಿದ ಸ್ಕಿಪಿಯೊ ಒಬ್ಬನೇ, ಬೇರೆ ಬೇರೆಯೇ? ರಾಜರನ್ನು ಓಡಿಸಿ, ಪ್ರತಿವರ್ಷ ಮತ ಹಾಕಿ ಅಧಿಕಾರಿಗಳನ್ನು ಆರಿಸುತ್ತಿದ್ದ ನಗರದಲ್ಲಿ ಕೆಲವೇ ಮನೆತನಗಳು ಇಷ್ಟು ಕಾಲ ಮೇಲುಗೈ ಉಳಿಸಿಕೊಂಡದ್ದು ಹೇಗೆ?

ಉತ್ತರ: ಇಬ್ಬರೂ ಬೇರೆ ಬೇರೆ. ಕ್ರಿ.ಪೂ. 202ರಲ್ಲಿ ಜಾಮಾದ ಯುದ್ಧದಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್ ನಗರದ ಸೇನಾಪತಿ ಹ್ಯಾನಿಬಲ್‌ನನ್ನು ಸೋಲಿಸಿದವನು ಪಬ್ಲಿಯಸ್ ಕೊರ್ನೇಲಿಯಸ್ ಸ್ಕಿಪಿಯೊ ಆಫ್ರಿಕಾನಸ್, ಕ್ರಿ.ಪೂ. 146ರಲ್ಲಿ ಕಾರ್ತೇಜನ್ನು ನೆಲಸಮ ಮಾಡಿದವನು ಅವನ ಮಗನಿಗೆ ದತ್ತು ಬಂದ ಪಬ್ಲಿಯಸ್ ಕೊರ್ನೇಲಿಯಸ್ ಸ್ಕಿಪಿಯೊ ಎಮಿಲಿಯಾನಸ್. ಈ ಗೊಂದಲ ನಿಮ್ಮೊಬ್ಬರದೇ ಅಲ್ಲ. ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ ಇದೇ ಮನೆತನದಲ್ಲಿ ಹುಟ್ಟಿದ ಮೆಟೆಲ್ಲಸ್ ಸ್ಕಿಪಿಯೊ ಎಂಬವನು ಕ್ಯಾಪಿಟಲ್ ಗುಡ್ಡದ ಮೇಲೆ ಚಿನ್ನದ ಲೇಪದ ಕುದುರೆ ಸವಾರರ ಪ್ರತಿಮೆಗಳನ್ನು ಸಾಲಾಗಿ ನಿಲ್ಲಿಸಿದಾಗ, ಒಬ್ಬ ಸ್ಕಿಪಿಯೊನ ಮೂರ್ತಿಯ ಕೆಳಗೆ ಇನ್ನೊಬ್ಬ ಸ್ಕಿಪಿಯೊನ ಹೆಸರನ್ನು ಬರೆಸಿಬಿಟ್ಟಿದ್ದ. ಅದನ್ನು ಕಂಡ ವಾಗ್ಮಿ, ರಾಜಕಾರಣಿ ಸಿಸೆರೊ ತನ್ನ ಗೆಳೆಯ ಅಟ್ಟಿಕಸ್‌ಗೆ ಬರೆದ ಕಾಗದದಲ್ಲಿ, ಇದು ಕೆಲಸಗಾರನ ತಪ್ಪೆಂದುಕೊಂಡಿದ್ದೆ, ಈಗ ನೋಡಿದರೆ ಮೆಟೆಲ್ಲಸ್‌ನದೇ ತಪ್ಪು ಎಂದು ಕುಟುಕಿದ್ದಾನೆ. ತನ್ನ ಮುತ್ತಜ್ಜ ಯಾವ ಪದವಿಯನ್ನು ಪಡೆದಿದ್ದ, ಯಾವುದನ್ನು ಪಡೆದಿರಲಿಲ್ಲ ಎಂಬುದೇ ಆ ವಂಶಜನಿಗೆ ಸರಿಯಾಗಿ ತಿಳಿದಿರಲಿಲ್ಲ.

ಗೊಂದಲದ ಮೂಲ ರೋಮನ್ನರ ಹೆಸರಿಡುವ ಪದ್ಧತಿಯಲ್ಲಿದೆ. ಗಂಡಸಿನ ಹೆಸರಿನ ಮೊದಲ ಭಾಗ ಅವನಿಗೆಂದು ಇಟ್ಟದ್ದು. ಆದರೆ ಬಳಕೆಯಲ್ಲಿದ್ದ ಅಂಥ ಹೆಸರುಗಳು ಇಪ್ಪತ್ತಕ್ಕೂ ಕಡಿಮೆ, ಒಂದೊಂದು ಮನೆತನ ಅವುಗಳಲ್ಲಿ ಮೂರು ನಾಲ್ಕನ್ನು ಮಾತ್ರ ಹಿಡಿದುಕೊಂಡಿರುತ್ತಿತ್ತು. ಸ್ಕಿಪಿಯೊಗಳ ಮನೆಯಲ್ಲಿ ಮುಖ್ಯವಾಗಿ ಪಬ್ಲಿಯಸ್, ಲೂಸಿಯಸ್, ನೇಯಸ್ ಎಂಬ ಮೂರೇ ಹೆಸರುಗಳು ಸುತ್ತುತ್ತಿದ್ದವು. ಎರಡನೆಯ ಭಾಗವಾದ ಕೊರ್ನೇಲಿಯಸ್ ಎಂಬುದು ಕುಲದ ಹೆಸರು. ಕನ್ನಡದಲ್ಲಿ ಬಳಿ, ಬೆಡಗು ಎನ್ನುವುದಕ್ಕೆ ಸ್ಥೂಲವಾಗಿ ಹತ್ತಿರವಾದದ್ದು. ಮೂರನೆಯದು ಆ ಕುಲದೊಳಗಿನ ಕವಲಿನ ಹೆಸರು. ಸ್ಕಿಪಿಯೊ ಎಂದರೆ ಊರುಗೋಲು. ಕುರುಡನಾದ ತಂದೆಗೆ ಊರುಗೋಲಿನಂತೆ ಜೊತೆಯಾಗಿ ನಡೆದ ಮಗನೊಬ್ಬನಿಂದ ಈ ಹೆಸರು ಬಂತೆಂದು ರೋಮನ್ನರು ಹೇಳಿಕೊಳ್ಳುತ್ತಿದ್ದರು. ಸರ್ವಾಧಿಕಾರಿಯಾಗಿ ಮೆರೆದ ಸುಲ್ಲಾ ಕೂಡ ಕೊರ್ನೇಲಿಯಸ್ ಕುಲದವನೇ, ಆದರೆ ಸ್ಕಿಪಿಯೊ ಅಲ್ಲ. ಇವುಗಳ ಮೇಲೆ ಆಫ್ರಿಕಾನಸ್, ಏಷಿಯಾಟಿಕಸ್, ಮ್ಯಾಸಿಡೋನಿಕಸ್ ಮುಂತಾದ ಗೆಲುವಿನ ಬಿರುದುಗಳು ಸೇರಿಕೊಳ್ಳುತ್ತಿದ್ದವು. ಹೆಣ್ಣುಮಕ್ಕಳಿಗಂತೂ ಕುಲದ ಹೆಸರೇ ಹೆಸರು: ಕೊರ್ನೇಲಿಯಸ್ ಕುಲದಲ್ಲಿ ಹುಟ್ಟಿದವರೆಲ್ಲರೂ ಕೊರ್ನೇಲಿಯರೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ರೋಮ್‌ನಲ್ಲಿ ಅಧಿಕಾರ ತಂದೆಯಿಂದ ಮಗನಿಗೆ ಕಾನೂನಿನಂತೆ ಇಳಿಯುತ್ತಿರಲಿಲ್ಲ. ಮಗನಿಗೆ ಇಳಿಯುತ್ತಿದ್ದದ್ದು ಹೆಸರು. ಆ ಹೆಸರನ್ನು ಪ್ರತಿ ತಲೆಮಾರಿನವರೂ ಮತವಾಗಿಯೂ ಗೆಲುವಾಗಿಯೂ ಹೊಸದಾಗಿ ಮಾರ್ಪಡಿಸಿಕೊಳ್ಳಬೇಕಾಗಿತ್ತು. ಈ ಹೆಸರಿಗೆ ರಕ್ತಸಂಬಂಧ ಕೂಡ ಅನಿವಾರ್ಯವಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ, ಮತ್ತು ಅದಕ್ಕೆ ಸ್ಕಿಪಿಯೊ ಮನೆತನಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಆದ್ದರಿಂದ ಉಳಿದ ಮನೆತನಗಳನ್ನು ಬದಿಯಲ್ಲಿಟ್ಟುಕೊಂಡು, ಇವರ ಕಥೆಯನ್ನೇ ವಿವರವಾಗಿ ಹೇಳುತ್ತೇನೆ.

ವ್ಯವಸ್ಥೆಯನ್ನು ಚುರುಕಾಗಿ ನೋಡಿಬಿಡೋಣ. ರಾಜರನ್ನು ಕ್ರಿ.ಪೂ. 509ರಲ್ಲಿ ಓಡಿಸಿದರೆಂಬುದು ಸಾಂಪ್ರದಾಯಿಕ ಲೆಕ್ಕ. ಬಳಿಕ ವರ್ಷಕ್ಕೆ ಇಬ್ಬರಂತೆ ಆಯ್ಕೆಯಾಗುವ ಕಾನ್ಸಲ್‌ಗಳು ಆಡಳಿತವನ್ನೂ ಸೈನ್ಯವನ್ನೂ ನಡೆಸಿದರು. ಮೊದಲು ಈ ಪದವಿ ಪ್ಯಾಟ್ರೀಷಿಯನ್ ಎಂಬ ಹಳೆಯ ಕುಲೀನರ ಕೈಯಲ್ಲಿತ್ತು; ಕ್ರಿ.ಪೂ. 367ರ ಕಾನೂನಿನಿಂದ ಆ ಕುಲೀನರಲ್ಲದ ಪ್ಲೆಬಿಯನ್ನರಿಗೂ ಬಾಗಿಲು ತೆರೆಯಿತು. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಬಂದದ್ದು ಜನಸಾಮಾನ್ಯರಲ್ಲ, ಪ್ಲೆಬಿಯನ್ನರಲ್ಲಿನ ಸಿರಿವಂತ ಮನೆತನಗಳು. ಎರಡೂ ಕಡೆಯವರು ಸೇರಿ ‘ನೊಬಿಲಿಸ್’, ಅಂದರೆ ಹೆಸರು ಗೊತ್ತಿರುವವರು, ಎಂಬ ಹೊಸ ವರ್ಗವಾಯಿತು. ಪೂರ್ವಿಕರಲ್ಲಿ ಕಾನ್ಸಲ್ ಇದ್ದವನು ನೊಬಿಲಿಸ್. ಮನೆತನದ ಹಿನ್ನೆಲೆಯಿಲ್ಲದೆ ಮೇಲೇರಿದವನು ‘ಹೊಸ ಮನುಷ್ಯ’. ಮತ ಹಾಕುವ ಕ್ರಮವೂ ಈ ವರ್ಗಕ್ಕೆ ಅನುಕೂಲವಾಗಿತ್ತು. ಕಾನ್ಸಲ್‌ಗಳನ್ನು ಆರಿಸುವ ಸಭೆಯಲ್ಲಿ ಜನರನ್ನು ಆಸ್ತಿಗೆ ತಕ್ಕಂತೆ 193 ಗುಂಪುಗಳಾಗಿ ವಿಂಗಡಿಸಲಾಗಿತ್ತು, ಗುಂಪಿಗೆ ಒಂದು ಮತ, ಸಿರಿವಂತರ ಗುಂಪುಗಳು ಮೊದಲು. 97 ಗುಂಪುಗಳ ಬೆಂಬಲ ಸಿಕ್ಕಿದೊಡನೆ ಎಣಿಕೆ ಮುಗಿಯುತ್ತಿದ್ದುದರಿಂದ ಬಡವರ ಸರದಿ ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ರಾಜಕೀಯ ಮತ್ತು ಸೈನ್ಯ ಎರಡೂ ಒಂದೇ ಮನೆಯವರ ಕೈಯಲ್ಲಿ ಏಕಿದ್ದವು ಎಂಬುದಕ್ಕೂ ಸರಳ ಕಾರಣವಿದೆ: ಹತ್ತು ವರ್ಷಗಳ ಸೈನ್ಯಸೇವೆ ಮುಗಿಸದವನು ರಾಜಕೀಯ ಪದವಿಗೆ ನಿಲ್ಲುವಂತಿರಲಿಲ್ಲ ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ.

ಇಷ್ಟಿದ್ದರೂ ಮತ ಹಾಕುವವನು ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬನನ್ನು ಆರಿಸಲೇಬೇಕು, ಮತ್ತು ಇಬ್ಬರ ಪರಿಚಯವೂ ಅವನಿಗೆ ಅಷ್ಟಾಗಿ ಇರುವುದಿಲ್ಲ. ಆಗ ಕೆಲಸಕ್ಕೆ ಬರುವುದು ಹೆಸರು. ಆ ಹೆಸರನ್ನು ಜನರ ಕಣ್ಣಮುಂದೆ ಇಡಲು ರೋಮ್‌ನ ಮನೆತನಗಳು ಕಂಡುಕೊಂಡ ಉಪಾಯಗಳಲ್ಲಿ ಶವಯಾತ್ರೆಯೇ ಅತ್ಯಂತ ಪರಿಣಾಮಕಾರಿಯಾದದ್ದು ಎನ್ನಬೇಕು. ದೊಡ್ಡ ಪದವಿ ಪಡೆದವನು ಸತ್ತಾಗ ಅವನ ಮುಖದ ಹೋಲಿಕೆಯನ್ನು ಮೇಣದ ಮುಖವಾಡವಾಗಿ ಮಾಡಿ, ಮನೆಯ ಹಜಾರದಲ್ಲಿ ಮರದ ಗೂಡಿನೊಳಗೆ ಇಡುತ್ತಿದ್ದರು. ಮನೆಯಲ್ಲಿ ಮುಂದಿನ ಸಾವು ಸಂಭವಿಸಿದಾಗ, ಎತ್ತರದಲ್ಲಿಯೂ ಮೈಕಟ್ಟಿನಲ್ಲಿಯೂ ಆಯಾ ಪೂರ್ವಿಕರನ್ನು ಹೋಲುವವರನ್ನು ಹುಡುಕಿ ಅವರಿಗೆ ಆ ಮುಖವಾಡಗಳನ್ನು ತೊಡಿಸುತ್ತಿದ್ದರು. ಪೂರ್ವಿಕನು ಕಾನ್ಸಲ್ ಆಗಿದ್ದರೆ ನೇರಳೆ ಅಂಚಿನ ಉಡುಪು, ಜನಗಣತಿ ನಡೆಸುವ ಸೆನ್ಸರ್ ಆಗಿದ್ದರೆ ಪೂರ್ತಿ ನೇರಳೆ, ವಿಜಯೋತ್ಸವ ಪಡೆದಿದ್ದರೆ ಚಿನ್ನದ ಕಸೂತಿ. ರಥಗಳಲ್ಲಿ ಬಂದ ಈ ‘ಸತ್ತವರು’ ಊರ ಮಧ್ಯದ ಚೌಕವಾದ ಫೋರಂನ ಭಾಷಣವೇದಿಕೆಯ ಮೇಲೆ ದಂತದ ಪೀಠಗಳಲ್ಲಿ ಸಾಲಾಗಿ ಕೂರುತ್ತಿದ್ದರು. ಮಗ ಎದ್ದು ನಿಂತು ತಂದೆಯ ಗುಣಗಾನ ಮಾಡಿ, ಅನಂತರ ಅಲ್ಲಿ ಕುಳಿತಿದ್ದ ಒಬ್ಬೊಬ್ಬ ಪೂರ್ವಿಕನ ಸಾಧನೆಯನ್ನೂ ಹಳೆಯವನಿಂದ ಆರಂಭಿಸಿ ಹೇಳುತ್ತಿದ್ದ. ಇದನ್ನೆಲ್ಲ ಕಣ್ಣಾರೆ ಕಂಡ ಪಾಲಿಬಿಯಸ್, ಕೀರ್ತಿಯನ್ನು ಬಯಸುವ ಯುವಕನಿಗೆ ಇದಕ್ಕಿಂತ ಉತ್ತಮ ದೃಶ್ಯವಿಲ್ಲ ಎಂದು ಮೆಚ್ಚಿದ್ದಾನೆ. ಆ ಯುವಕ ಬಹುಬೇಗ ಅದೇ ಚೌಕದಲ್ಲಿ ಮತ ಬೇಡಲು ಬರುವವನು ಎಂಬುದನ್ನು ನಾವು ಸೇರಿಸಿಕೊಳ್ಳಬೇಕು. ಆಫ್ರಿಕಾನಸ್‌ನ ಮುಖವಾಡವನ್ನಂತೂ ಮನೆಯಲ್ಲಿಡದೆ ಜುಪಿಟರ್ ದೇವಾಲಯದಲ್ಲಿಯೇ ಇಟ್ಟಿದ್ದರು. ಮನೆತನದಲ್ಲಿ ಸಾವಾದಾಗ ಅದು ದೇವರ ಗುಡಿಯಿಂದ ಇಳಿದು ಬರುತ್ತಿತ್ತು.

ಈ ಭಾಷಣಗಳಲ್ಲಿ ಎಷ್ಟು ನಿಜವಿತ್ತು? ಸಿಸೆರೊ ಮತ್ತು ಇತಿಹಾಸಕಾರ ಲಿವಿ ಇಬ್ಬರೂ, ಶವಸಂಸ್ಕಾರದ ಹೊಗಳಿಕೆಗಳಿಂದ ರೋಮ್‌ನ ಇತಿಹಾಸವೇ ಕೆಟ್ಟುಹೋಯಿತು, ಆಗದ ಗೆಲುವುಗಳೂ ಪಡೆಯದ ಪದವಿಗಳೂ ಅದರೊಳಗೆ ನುಸುಳಿದವು ಎಂದು ದೂರಿದ್ದಾರೆ. ಅದಕ್ಕೆ ಸ್ಕಿಪಿಯೊಗಳ ಸಮಾಧಿಯೇ ಸಾಕ್ಷಿ. ರೋಮ್‌ನ ಆಪಿಯನ್ ಹೆದ್ದಾರಿಯ ಬದಿಯ ದ್ರಾಕ್ಷಿತೋಟವೊಂದರಲ್ಲಿ 1780ರಲ್ಲಿ ಅಗೆತ ನಡೆದಾಗ ಈ ನೆಲಸಮಾಧಿ ಪೂರ್ಣವಾಗಿ ಬೆಳಕಿಗೆ ಬಂತು. ಶವವನ್ನು ಸುಡುವುದು ರೂಢಿಯಾಗುತ್ತಿದ್ದ ಕಾಲದಲ್ಲಿಯೂ ಈ ಕುಲದವರು ಹೂಳುವ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿದ್ದರಿಂದ ಅಲ್ಲಿ ಕಲ್ಲಿನ ಶವಪೆಟ್ಟಿಗೆಗಳಿದ್ದವು, ಅವುಗಳ ಮೇಲೆ ಬರಹಗಳಿದ್ದವು. ಅತ್ಯಂತ ಹಿರಿಯನದು ಕ್ರಿ.ಪೂ. 298ರ ಕಾನ್ಸಲ್ ಲೂಸಿಯಸ್ ಕೊರ್ನೇಲಿಯಸ್ ಸ್ಕಿಪಿಯೊ ಬಾರ್ಬಾಟಸ್‌ನ ಪೆಟ್ಟಿಗೆ; ಅದು ಈಗ ವ್ಯಾಟಿಕನ್ ಸಂಗ್ರಹಾಲಯದಲ್ಲಿದೆ. ಅವನು ಧೀರನೂ ವಿವೇಕಿಯೂ ಆಗಿದ್ದ, ರೂಪವು ಅವನ ಗುಣಕ್ಕೆ ಸಮನಾಗಿತ್ತು, ‘ನಿಮ್ಮ ನಡುವೆ’ ಕಾನ್ಸಲ್, ಸೆನ್ಸರ್, ಈಡೈಲ್ (ನಗರದ ಉಸ್ತುವಾರಿ ಅಧಿಕಾರಿ) ಆಗಿದ್ದ, ದಕ್ಷಿಣದ ಸ್ಯಾಮ್ನಿಯಂನ ಊರುಗಳನ್ನು ಹಿಡಿದ, ಲೂಕಾನಿಯವನ್ನೆಲ್ಲ ಅಡಗಿಸಿ ಒತ್ತೆಯಾಳುಗಳನ್ನು ತಂದ ಎಂದು ಅದರ ಪದ್ಯ ಹೇಳುತ್ತದೆ. ಆದರೆ ಲಿವಿಯ ಪ್ರಕಾರ ಆ ವರ್ಷ ಬಾರ್ಬಾಟಸ್ ಯುದ್ಧ ಮಾಡಿದ್ದು ಉತ್ತರದ ಎಟ್ರೂರಿಯದಲ್ಲಿ. ಸ್ಯಾಮ್ನಿಯಂ ಅವನ ಜೊತೆಗಾರ ಕಾನ್ಸಲ್‌ನ ಪಾಲಿನದಾಗಿತ್ತು. ಇಬ್ಬರಲ್ಲಿ ಯಾರನ್ನು ನಂಬಬೇಕೆಂಬ ಚರ್ಚೆಗಿಂತ ನನಗೆ ಮುಖ್ಯವೆನಿಸುವುದು ‘ನಿಮ್ಮ ನಡುವೆ’ ಎಂಬ ಮಾತು. ಗೋರಿಯೊಳಗಿನ ಕಲ್ಲು ಕೂಡ ಮತದಾರರನ್ನು ಉದ್ದೇಶಿಸಿಯೇ ಮಾತಾಡುತ್ತಿದೆ.

ಅದೇ ಸಮಾಧಿಯಲ್ಲಿ 20ನೆಯ ವಯಸ್ಸಿಗೆ ತೀರಿಕೊಂಡ ಇನ್ನೊಬ್ಬ ಲೂಸಿಯಸ್‌ನ ಬರಹವಿದೆ. ಗುಣದಲ್ಲಿ ಎಂದೂ ಸೋಲದವನು ಇಲ್ಲಿ ಮಲಗಿದ್ದಾನೆ, ಪದವಿಗಳೇಕೆ ಇರಲಿಲ್ಲವೆಂದು ಕೇಳಬೇಡಿ ಎಂಬುದು ಅದರ ತಾತ್ಪರ್ಯ. ಪದವಿಯ ವಯಸ್ಸು ಬರುವ ಮೊದಲೇ ಸತ್ತ ಹುಡುಗನ ಪರವಾಗಿಯೂ ಸಮಜಾಯಿಷಿ ಕೊಡಬೇಕಾದಷ್ಟು ಈ ಮನೆತನದಲ್ಲಿ ಪದವಿಯ ಭಾರವಿತ್ತು. ಕ್ರಿ.ಪೂ. 139ರಲ್ಲಿ ಕಾನ್ಸಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪ್ರೀಟರ್ ಆಗಿದ್ದ ನೇಯಸ್ ಸ್ಕಿಪಿಯೊ ಹಿಸ್ಪಾನಸ್‌ನ ಕಲ್ಲು ಇನ್ನೂ ನೇರವಾಗಿದೆ: ಕುಲದ ಸದ್ಗುಣಗಳಿಗೆ ನನ್ನ ನಡತೆಯಿಂದ ಇನ್ನಷ್ಟನ್ನು ಕೂಡಿಸಿದೆ, ಮಕ್ಕಳನ್ನು ಪಡೆದೆ, ತಂದೆಯ ಸಾಧನೆಗೆ ಸಮನಾಗಲು ಯತ್ನಿಸಿದೆ, ನಾನು ತಮ್ಮಲ್ಲಿ ಹುಟ್ಟಿದೆನೆಂದು ಪೂರ್ವಿಕರು ಸಂತೋಷಪಡುವಂತೆ ಮಾಡಿದೆ. ಕೂಡಿಸಿದೆ ಎಂಬ ಕ್ರಿಯಾಪದವನ್ನು ಗಮನಿಸಿ. ಕೀರ್ತಿ ಇಲ್ಲಿ ಲೆಕ್ಕದ ಪುಸ್ತಕದ ಬಾಕಿಯಂತೆ ತಲೆಮಾರಿನಿಂದ ತಲೆಮಾರಿಗೆ ಮುಂದಕ್ಕೆ ಹೋಗುತ್ತದೆ.

ಈ ಬಾಕಿಯ ಮೇಲೆ ಅತಿ ದೊಡ್ಡ ಸಾಲ ಪಡೆದವನು ಆಫ್ರಿಕಾನಸ್. ಕ್ರಿ.ಪೂ. 218ರಲ್ಲಿ ಹ್ಯಾನಿಬಲ್ ಆಲ್ಪ್ಸ್ ದಾಟಿ ಬಂದಾಗ ಟಿಸಿನಸ್ ನದಿಯ ಬಳಿ ಅವನನ್ನು ಎದುರಿಸಿದ ಕಾನ್ಸಲ್ ಇವನ ತಂದೆ, ಹೆಸರು ಪಬ್ಲಿಯಸ್ಸೇ. ಗಾಯಗೊಂಡ ತಂದೆಯನ್ನು ಹದಿಹರೆಯದ ಮಗ ಮುನ್ನುಗ್ಗಿ ಕಾಪಾಡಿದನೆಂಬುದು ಪ್ರಸಿದ್ಧ ಕಥೆ. ಕಾಪಾಡಿದವನು ಲಿಗುರಿಯದ ಒಬ್ಬ ಗುಲಾಮ ಎಂದು ಬರೆದ ಇತಿಹಾಸಕಾರನೂ ಇದ್ದ, ಆದರೆ ಜನರಲ್ಲಿ ನಿಂತದ್ದು ಮಗನ ಕಥೆಯೇ ಎಂದು ಲಿವಿ ಹೇಳುತ್ತಾನೆ. ಕ್ರಿ.ಪೂ. 213ರ ಈಡೈಲ್ ಪದವಿಗೆ ಅವನು ನಿಂತಾಗ ವಯಸ್ಸು ಸಾಲದೆಂಬ ಆಕ್ಷೇಪ ಬಂತು. ಜನರೆಲ್ಲ ನನ್ನನ್ನು ಆರಿಸಬಯಸಿದರೆ ನನಗೆ ವಯಸ್ಸು ಸಾಕಷ್ಟಿದೆ ಎಂದು ಉತ್ತರಿಸಿ ಅವನು ಗೆದ್ದ. ಕ್ರಿ.ಪೂ. 211ರಲ್ಲಿ ಸ್ಪೇನ್‌ನಲ್ಲಿ ಕಾರ್ತೇಜಿನ ಸೈನ್ಯಗಳ ವಿರುದ್ಧ ಹೋರಾಡುತ್ತಿದ್ದ ಅವನ ತಂದೆಯೂ ದೊಡ್ಡಪ್ಪ ನೇಯಸ್ಸೂ ಕೆಲವೇ ವಾರಗಳ ಅಂತರದಲ್ಲಿ ಹತರಾದರು. ಮರುವರ್ಷ ಆ ಸೇನಾಧಿಪತ್ಯವನ್ನು, ಪ್ರೀಟರ್ ಆಗಲಿ ಕಾನ್ಸಲ್ ಆಗಲಿ ಆಗಿರದ ಸುಮಾರು 25 ವರ್ಷದ ಈ ಯುವಕನಿಗೆ ಜನಸಭೆ ಒಪ್ಪಿಸಿತು. ಕಾನೂನಿನ ದೃಷ್ಟಿಯಲ್ಲಿ ಇದಕ್ಕೆ ಪೂರ್ವನಿದರ್ಶನವಿರಲಿಲ್ಲ. ಸ್ಪೇನ್‌ನಲ್ಲಿ ಸತ್ತ ಸ್ಕಿಪಿಯೊಗಳ ಜಾಗಕ್ಕೆ ಇನ್ನೊಬ್ಬ ಸ್ಕಿಪಿಯೊ ಹೋಗುವುದು ಜನರ ಮನಸ್ಸಿಗೆ ಒಪ್ಪುವ ಮಾತಾಗಿತ್ತು, ಅಷ್ಟೇ. ಆ ನಂಬಿಕೆಯನ್ನು ಅವನು ಉಳಿಸಿಕೊಂಡ. ಕ್ರಿ.ಪೂ. 209ರಲ್ಲಿ ಹೊಸ ಕಾರ್ತೇಜ್ ಎಂಬ ಬಂದರು ನಗರವನ್ನು ಹಿಡಿದ, 206ರಲ್ಲಿ ಇಲಿಪಾದಲ್ಲಿ ಗೆದ್ದು ಸ್ಪೇನ್‌ನಿಂದ ಕಾರ್ತೇಜಿನವರನ್ನು ಹೊರದೂಡಿದ, 205ರಲ್ಲಿ ಕಾನ್ಸಲ್ ಆದ.

ಆಗ ಅವನ ಆಫ್ರಿಕಾ ದಂಡಯಾತ್ರೆಯನ್ನು ಹಿರಿಯರ ಸಭೆಯಾದ ಸೆನೆಟ್‌ನಲ್ಲಿ ವಿರೋಧಿಸಿದವನು ಐದು ಸಲ ಕಾನ್ಸಲ್ ಆಗಿದ್ದ ವೃದ್ಧ ಫೇಬಿಯಸ್ ಮ್ಯಾಕ್ಸಿಮಸ್. ನೇರ ಯುದ್ಧಕ್ಕಿಳಿಯದೆ ಕಾಲಹರಣದಿಂದಲೇ ಹ್ಯಾನಿಬಲ್‌ನನ್ನು ಸವೆಸಿದವನೆಂದು ಇವನ ಖ್ಯಾತಿ. ಫೇಬಿಯಸ್ಸರದು ಸ್ಕಿಪಿಯೊಗಳಿಗಿಂತ ಹಳೆಯ ಗತ್ತು: ಕ್ರಿ.ಪೂ. 477ರಲ್ಲಿ ಕ್ರೆಮೆರಾ ನದಿಯ ಬಳಿ ವೇಯಿ ನಗರದವರೊಡನೆ ನಡೆದ ಕಾಳಗದಲ್ಲಿ ಈ ಕುಲದ 306 ಮಂದಿ ಒಂದೇ ದಿನ ಸತ್ತು, ಒಬ್ಬ ಹುಡುಗ ಮಾತ್ರ ಉಳಿದು ವಂಶ ಬೆಳೆಯಿತೆಂದು ಅವರು ಹೇಳಿಕೊಳ್ಳುತ್ತಿದ್ದರು. ಇಂಥ ಕಥೆಗಳ ಅಂಕಿಗಳನ್ನು ಇದ್ದಂತೆ ನಂಬಬೇಕಿಲ್ಲ.

ಜಾಮಾದ ನಂತರ ಆಫ್ರಿಕಾನಸ್‌ನ ಎತ್ತರಕ್ಕೆ ಎಣೆಯೇ ಇರಲಿಲ್ಲ. ಆದರೆ ಸಮಾನರ ಗುಂಪಿನಲ್ಲಿ ಒಬ್ಬನು ಇಷ್ಟು ಎತ್ತರ ಬೆಳೆದರೆ ಉಳಿದವರು ಸುಮ್ಮನಿರುವುದಿಲ್ಲ. ಅವನ ತಮ್ಮ ಲೂಸಿಯಸ್ ಕ್ರಿ.ಪೂ. 190ರಲ್ಲಿ ಕಾನ್ಸಲ್ ಆಗಿ ಸಿರಿಯದ ರಾಜ ಆಂಟಿಯೋಕಸ್‌ನ ಮೇಲೆ ಯುದ್ಧಕ್ಕೆ ಹೋದಾಗ ಅಣ್ಣನೂ ಸಹಾಯಕನಾಗಿ ಜೊತೆಗಿದ್ದ. ಹಿಂದಿರುಗಿದ ಬಳಿಕ ಯುದ್ಧದ ಹಣದ ಲೆಕ್ಕ ಕೇಳಲಾಯಿತು. ಈ ಕಾಟದ ಹಿಂದಿದ್ದವನು ‘ಹೊಸ ಮನುಷ್ಯ’ನಾದ ಕೇಟೊ. ಆಫ್ರಿಕಾನಸ್ ಲೆಕ್ಕದ ಪುಸ್ತಕವನ್ನು ತರಿಸಿ ಸೆನೆಟ್‌ನ ಎದುರೇ ಹರಿದುಹಾಕಿ, 3,000 ಟ್ಯಾಲೆಂಟ್ (ಬೆಳ್ಳಿಯ ಒಂದು ತೂಕ) ಖರ್ಚಾದದ್ದು ಹೇಗೆಂದು ಕೇಳುವ ನೀವು ಆಂಟಿಯೋಕಸ್‌ನಿಂದ ಬರುತ್ತಿರುವ 15,000 ಟ್ಯಾಲೆಂಟ್ ಯಾರಿಂದ ಬಂತೆಂದು ಏಕೆ ಕೇಳುವುದಿಲ್ಲ ಎಂದನೆಂಬುದು ಪಾಲಿಬಿಯಸ್‌ನ ವರದಿ. ಮಾತಿಗೆ ಮಾತು ಸರಿಯಾಯಿತು, ಲೆಕ್ಕ ಮಾತ್ರ ಸಿಗಲಿಲ್ಲ. ಕೊನೆಗೆ ಅವನು ಊರು ಬಿಟ್ಟು ಲಿಟರ್ನಮ್ ಎಂಬಲ್ಲಿನ ತನ್ನ ಜಮೀನಿನ ಮನೆಗೆ ಹೋಗಿ, ಕ್ರಿ.ಪೂ. 183ರ ಸುಮಾರಿಗೆ ಅಲ್ಲಿಯೇ ತೀರಿಕೊಂಡ.

ಇಲ್ಲಿಗೆ ಮನೆತನದ ನಿಜವಾದ ಕಷ್ಟ ಆರಂಭವಾಗುತ್ತದೆ. ಆಫ್ರಿಕಾನಸ್‌ನ ಮಗ ಪಬ್ಲಿಯಸ್ ಓದಿಕೊಂಡವನಾಗಿದ್ದರೂ ಸದಾ ಅನಾರೋಗ್ಯದಿಂದ ನರಳುತ್ತಿದ್ದವನು. ದಂಡಯಾತ್ರೆಗೂ ಚುನಾವಣೆಗೂ ಆಗದವನು. ಮಕ್ಕಳೂ ಇರಲಿಲ್ಲ. ರಕ್ತವನ್ನೇ ನೆಚ್ಚಿಕೊಂಡಿದ್ದರೆ ಆಫ್ರಿಕಾನಸ್‌ನ ನೇರ ಶಾಖೆ ಅಲ್ಲಿಗೇ ಒಣಗುತ್ತಿತ್ತು. ಆದರೆ ಅವನು ಎಮಿಲಿಯಸ್ ಪಾಲಸ್ ಎಂಬ ಇನ್ನೊಬ್ಬ ಕುಲೀನನ ಮಗನನ್ನು ದತ್ತು ತೆಗೆದುಕೊಂಡ. ದತ್ತು ಹೋದವನೇ ಕಾರ್ತೇಜನ್ನು ನಾಶಮಾಡಿದ ಎಮಿಲಿಯಾನಸ್. ಹುಟ್ಟಿದ ಕುಲದ ನೆನಪು ಅವನ ಹೆಸರಿನ ಕೊನೆಯಲ್ಲಿ ಉಳಿಯಿತು. ಮನೆ ಪೂರ್ತಿ ಅಪರಿಚಿತವೇನಲ್ಲ, ಏಕೆಂದರೆ ಆಫ್ರಿಕಾನಸ್‌ನ ಹೆಂಡತಿ ಎಮಿಲಿಯ ಇದೇ ಪಾಲಸ್‌ನ ಸೋದರಿ. ಹೀಗಾಗಿ ಎಮಿಲಿಯಾನಸ್ ತನ್ನ ಸೋದರತ್ತೆಯ ಮಗನಿಗೇ ಮಗನಾದ.

ಪಾಲಸ್‌ನ ಕಡೆಯಿಂದ ನೋಡಿದರೆ ಈ ಪದ್ಧತಿಯ ಇನ್ನೊಂದು ಮುಖ ಕಾಣುತ್ತದೆ. ಅವನಿಗೆ ಮೊದಲ ಹೆಂಡತಿಯಲ್ಲಿ ಇಬ್ಬರು, ಎರಡನೆಯವಳಲ್ಲಿ ಇಬ್ಬರು ಗಂಡುಮಕ್ಕಳು. ನಾಲ್ವರನ್ನೂ ಕಾನ್ಸಲ್ ಪದವಿಯವರೆಗೆ ಏರಿಸುವುದು, ಆಸ್ತಿಯನ್ನು ನಾಲ್ಕು ಪಾಲು ಮಾಡುವುದು ಯಾವ ಮನೆಗೂ ಹೊರೆ. ಆದ್ದರಿಂದ ಮೊದಲ ಇಬ್ಬರನ್ನು ಫೇಬಿಯಸ್ ಮತ್ತು ಸ್ಕಿಪಿಯೊ ಮನೆತನಗಳಿಗೆ ದತ್ತು ಕೊಟ್ಟ, ಕಿರಿಯ ಇಬ್ಬರನ್ನು ತನ್ನ ಹೆಸರಿಗೆಂದು ಉಳಿಸಿಕೊಂಡ. ಕ್ರಿ.ಪೂ. 168ರಲ್ಲಿ ಪಿಡ್ನಾದಲ್ಲಿ ಮ್ಯಾಸಿಡೋನಿಯದ ಅರಸೊತ್ತಿಗೆಯನ್ನೇ ಮುಗಿಸಿ, ಮರುವರ್ಷ ಅವನು ಮಹಾವಿಜಯೋತ್ಸವ ನಡೆಸಿದಾಗ, ಉಳಿಸಿಕೊಂಡಿದ್ದ ಆ ಇಬ್ಬರಲ್ಲಿ ಒಬ್ಬ ಉತ್ಸವಕ್ಕೆ ಐದು ದಿನ ಮೊದಲು, ಇನ್ನೊಬ್ಬ ಮೂರು ದಿನ ಅನಂತರ ತೀರಿಕೊಂಡರು. ಒಬ್ಬನಿಗೆ 14 ವರ್ಷ, ಇನ್ನೊಬ್ಬನಿಗೆ 12. ಬದುಕಿದ್ದ ಇಬ್ಬರು ಮಕ್ಕಳು ಊರಿನಲ್ಲಿಯೇ ಇದ್ದರೂ ಕಾನೂನಿನ ಪ್ರಕಾರ ಬೇರೆ ಮನೆಯವರು. ತನ್ನ ಮನೆಯಲ್ಲಿ ಪಾಲಸ್ ಎಂಬ ಹೆಸರಿನವನು ತಾನೊಬ್ಬನೇ ಉಳಿದೆನೆಂದು ಅವನು ಜನಸಭೆಯಲ್ಲಿ ಹೇಳಿಕೊಂಡ. ರೋಮ್‌ನ ಮನೆತನಗಳ ಕಥೆಯಲ್ಲಿ ನನ್ನನ್ನು ಅತಿಯಾಗಿ ಕಾಡುವ ಪ್ರಸಂಗ ಇದು. ಹೆಸರನ್ನು ಇಷ್ಟು ಲೆಕ್ಕಾಚಾರದಿಂದ ಹಂಚಿದವನೇ ಹೆಸರಿಲ್ಲದಂತಾದ.

ಮದುವೆಗಳ ಲೆಕ್ಕಾಚಾರವೂ ಇದೇ ಬಗೆಯದು. ಆಫ್ರಿಕಾನಸ್‌ಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರ ಹೆಸರೂ ಕೊರ್ನೇಲಿಯ. ಹಿರಿಯಳನ್ನು ದಾಯಾದಿ ಶಾಖೆಯಾದ ಸ್ಕಿಪಿಯೊ ನಾಸಿಕಾ ಮನೆಗೆ ಕೊಟ್ಟರು. ಸಗೋತ್ರದಲ್ಲಿ ಮದುವೆಯೇ ಎಂದು ನಮ್ಮಲ್ಲಿ ಹುಬ್ಬೇರಿಸುವವರಿದ್ದಾರು, ರೋಮನ್ನರಿಗೆ ಅದು ಅಡ್ಡಿಯಾಗಲಿಲ್ಲ. ಕಿರಿಯಳನ್ನು ಮದುವೆಯಾದವನು ಎರಡು ಸಲ ಕಾನ್ಸಲ್ ಆದ ಟೈಬೀರಿಯಸ್ ಸೆಂಪ್ರೋನಿಯಸ್ ಗ್ರಾಕಸ್. ಆಕೆ ಹೆತ್ತ 12 ಮಕ್ಕಳಲ್ಲಿ ಉಳಿದವರು ಮೂವರು: ಟೈಬೀರಿಯಸ್, ಗಾಯಸ್ ಮತ್ತು ಸೆಂಪ್ರೋನಿಯ. ಈ ಸೆಂಪ್ರೋನಿಯಳನ್ನು ಎಮಿಲಿಯಾನಸ್‌ಗೆ ಕೊಟ್ಟು ಮದುವೆ ಮಾಡಿದರು. ದತ್ತಿನ ನಂಟಿನಿಂದ ನೋಡಿದರೆ ಆಕೆ ತನ್ನ ಸೋದರಮಾವನ ಮಗನನ್ನೇ ವರಿಸಿದಳು, ಇದು ಕನ್ನಡದ ಮನೆಗಳಿಗೆ ವಿವರಿಸಬೇಕಾದ ಸಂಬಂಧವಲ್ಲ. ಆದರೆ ಈ ಮದುವೆ ಸುಖದ್ದಾಗಲಿಲ್ಲ, ಮಕ್ಕಳೂ ಆಗಲಿಲ್ಲ.

ಈ ನಂಟುಗಳನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಕ್ರಿ.ಪೂ. 133ರಲ್ಲಿ ಟೈಬೀರಿಯಸ್ ಗ್ರಾಕಸ್ ಸರ್ಕಾರಿ ಭೂಮಿಯನ್ನು ಬಡವರಿಗೆ ಹಂಚುವ ಕಾನೂನು ತಂದು, ಮರುಚುನಾವಣೆಗೂ ನಿಂತಾಗ, ಸೆನೆಟರ್‌ಗಳ ಗುಂಪನ್ನು ಕಟ್ಟಿಕೊಂಡು ಕ್ಯಾಪಿಟಲ್ ಗುಡ್ಡಕ್ಕೆ ನುಗ್ಗಿದವನು ಸ್ಕಿಪಿಯೊ ನಾಸಿಕಾ ಸೆರಾಪಿಯೊ. ಕಾನ್ಸಲ್ ಬಲಪ್ರಯೋಗಕ್ಕೆ ಒಪ್ಪದಿದ್ದಾಗ ಇವನೇ ಮುಂದಾದ. ಮುರಿದ ಬೆಂಚುಗಳ ಕಾಲುಗಳಿಂದಲೂ ದೊಣ್ಣೆಗಳಿಂದಲೂ ಬಡಿದು ಟೈಬೀರಿಯಸ್‌ನನ್ನೂ ಅವನ ಬೆಂಬಲಿಗರಲ್ಲಿ 300ಕ್ಕೂ ಹೆಚ್ಚು ಮಂದಿಯನ್ನೂ ಕೊಂದು, ಹೆಣಗಳನ್ನು ಟೈಬರ್ ನದಿಗೆ ಎಸೆದರು. ಸಾಮಾನ್ಯವಾಗಿ ಇದನ್ನು ಸಿರಿವಂತರಿಗೂ ಬಡವರಿಗೂ ನಡೆದ ಕಾದಾಟವೆಂದು ಓದುತ್ತೇವೆ, ಅದು ತಪ್ಪಲ್ಲ. ಆದರೆ ನಾಸಿಕಾ ಹಿರಿಯ ಕೊರ್ನೇಲಿಯಳ ಮಗ, ಅಂದರೆ ಟೈಬೀರಿಯಸ್‌ಗೆ ದೊಡ್ಡಮ್ಮನ ಮಗ. ಕನ್ನಡದಲ್ಲಿ ಅಣ್ಣ ಎಂದೇ ಕರೆಯುವ ಸಂಬಂಧ. ಸ್ಪೇನ್‌ನ ನುಮಾಂಟಿಯ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ಭಾವ ಎಮಿಲಿಯಾನಸ್‌ಗೆ ಈ ಸುದ್ದಿ ತಲುಪಿದಾಗ, ಇಂಥ ಕೆಲಸ ಮಾಡುವವರೆಲ್ಲರೂ ಹೀಗೆಯೇ ಸಾಯಲಿ ಎಂಬರ್ಥದ ಹೋಮರನ ಸಾಲೊಂದನ್ನು ಹೇಳಿದನಂತೆ. ಕೊಂದವನು, ಸತ್ತವನು, ಸಾವನ್ನು ಒಪ್ಪಿದವನು, ಮೂವರೂ ಜಾಮಾದ ವಿಜೇತನ ಮೊಮ್ಮಕ್ಕಳ ಸಾಲಿನವರು. ಚುನಾವಣೆಯ ಪೈಪೋಟಿ ರಕ್ತಪಾತಕ್ಕೆ ತಿರುಗಿದ ಆ ಮೊದಲ ದಿನ ಮನೆಯೊಳಗಿನ ಜಗಳವೂ ಆಗಿತ್ತು. ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಕಿರಿಯ ಕೊರ್ನೇಲಿಯಳಿಗೆ ರೋಮ್‌ನಲ್ಲಿ ಪ್ರತಿಮೆ ನಿಲ್ಲಿಸಿದರು. 1878ರಲ್ಲಿ ಸಿಕ್ಕ ಪೀಠದ ಮೇಲೆ, ಆಫ್ರಿಕಾನಸ್‌ನ ಮಗಳು ಕೊರ್ನೇಲಿಯ, ಗ್ರಾಕಸ್ ಸಹೋದರರ ತಾಯಿ ಎಂಬ ಅರ್ಥದ ಬರಹವಿದೆ. ಗಂಡನ ಹೆಸರಿಗೆ ಅಲ್ಲಿ ಜಾಗ ಸಿಕ್ಕಿಲ್ಲ.

ಎಮಿಲಿಯಾನಸ್ ಕ್ರಿ.ಪೂ. 129ರಲ್ಲಿ ಮಕ್ಕಳಿಲ್ಲದೆ ಸತ್ತ ಮೇಲೆ ಮುನ್ನೆಲೆಗೆ ಬಂದವರು ಮೆಟೆಲ್ಲಸ್ ಮನೆತನದವರು. ಇವರು ಪ್ಲೆಬಿಯನ್ನರು, ಆದರೆ ಗತ್ತಿನಲ್ಲಿ ಯಾರಿಗೂ ಕಡಿಮೆಯಿಲ್ಲ. ಕ್ರಿ.ಪೂ. 123ರಿಂದ 109ರವರೆಗಿನ ಹದಿನೈದು ವರ್ಷಗಳಲ್ಲಿ ಆರು ಮಂದಿ ಮೆಟೆಲ್ಲಸ್‌ಗಳು ಕಾನ್ಸಲ್ ಆದರು. ಇವರ ಆಶ್ರಯದಲ್ಲಿ ಬೆಳೆದ ಮೇರಿಯಸ್ ಎಂಬ ‘ಹೊಸ ಮನುಷ್ಯ’ ಕಾನ್ಸಲ್ ಚುನಾವಣೆಗೆ ನಿಲ್ಲಲು ಸೇನಾಪತಿ ಮೆಟೆಲ್ಲಸ್‌ನ ಅನುಮತಿ ಕೇಳಿದಾಗ, ನನ್ನ ಮಗನ ಜೊತೆ ನಿಲ್ಲುವೆಯಂತೆ, ಆತುರವೇನು ಎಂದು ಅವನು ಅಣಕಿಸಿದ. ಮಗನಿಗಾಗ ಸುಮಾರು 20 ವರ್ಷ, ಕಾನ್ಸಲ್ ಪದವಿಗೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಯಬೇಕಿತ್ತು. ಅವಮಾನ ನುಂಗಿದ ಮೇರಿಯಸ್ ರೋಮ್‌ಗೆ ಹೋಗಿ ಕ್ರಿ.ಪೂ. 107ರಲ್ಲಿ ಗೆದ್ದ, ಒಟ್ಟು ಏಳು ಸಲ ಕಾನ್ಸಲ್ ಆದ. ಹೆಸರಿಲ್ಲದವನೂ ಮೇಲೇರಬಹುದಾಗಿತ್ತು ಎಂಬುದಕ್ಕೆ ಇದು ಪುರಾವೆ. ಅದು ಎಷ್ಟು ಅಪರೂಪವಾಗಿತ್ತು ಎಂಬುದಕ್ಕೆ ಆ ಅಣಕವೇ ಪುರಾವೆ.

ಆರಂಭದಲ್ಲಿ ಹೇಳಿದ ಪ್ರತಿಮೆಗಳ ಮೆಟೆಲ್ಲಸ್ ಸ್ಕಿಪಿಯೊ ಈ ಎರಡೂ ಮನೆತನಗಳು ಕೂಡಿದ ಬಿಂದು: ಹುಟ್ಟಿದ್ದು ಸ್ಕಿಪಿಯೊ ನಾಸಿಕಾ ಶಾಖೆಯಲ್ಲಿ, ದತ್ತು ಹೋದದ್ದು ಮೆಟೆಲ್ಲಸ್‌ಗಳಿಗೆ, ಮಗಳನ್ನು ಕೊಟ್ಟದ್ದು ಸೀಸರ್‌ನ ಎದುರಾಳಿ ಸೇನಾಪತಿ ಪಾಂಪೆಗೆ. ಅಂತರ್ಯುದ್ಧದಲ್ಲಿ ಅಳಿಯ ಸೋತು ಸತ್ತ ಮೇಲೆ ಅವನು ಆಫ್ರಿಕಾದಲ್ಲಿ ಸೀಸರ್‌ನ ವಿರುದ್ಧ ಸೈನ್ಯ ನಡೆಸಿದ. ಆಫ್ರಿಕಾದ ನೆಲದಲ್ಲಿ ಸ್ಕಿಪಿಯೊಗಳಿಗೆ ಸೋಲಿಲ್ಲ ಎಂಬ ನಂಬಿಕೆ ಸೈನಿಕರಲ್ಲಿ ಆಗಲೂ ಬಲವಾಗಿತ್ತು. ಸೀಸರ್ ಅದಕ್ಕೊಂದು ತಂತ್ರ ಹೂಡಿದ: ಅದೇ ಕುಲದ, ಯಾರೂ ಲೆಕ್ಕಕ್ಕೆ ಇಡದ ಒಬ್ಬ ಬಡ ಸ್ಕಿಪಿಯೊನನ್ನು ಹುಡುಕಿ ತಂದು ತನ್ನ ಪಾಳೆಯದಲ್ಲಿಟ್ಟುಕೊಂಡು, ಕಾಳಗಗಳಲ್ಲಿ ಮುಂದೆ ನಿಲ್ಲಿಸಿದ. ಹೆಸರೇ ಮುಖ್ಯವಾದರೆ ಹೆಸರು ತನ್ನ ಬಳಿಯೂ ಇದೆ ಎಂಬುದು ಅವನ ವಾದ. ಕ್ರಿ.ಪೂ. 46ರಲ್ಲಿ ಥಾಪ್ಸಸ್‌ನಲ್ಲಿ ಮೆಟೆಲ್ಲಸ್ ಸ್ಕಿಪಿಯೊ ಸೋತ. ಹಡಗಿನಲ್ಲಿ ತಪ್ಪಿಸಿಕೊಳ್ಳುತ್ತಿದ್ದಾಗ ಶತ್ರುಗಳು ಮುತ್ತಿ, ಸೇನಾಪತಿ ಎಲ್ಲಿ ಎಂದು ಕೇಳಿದರು. ತಾನೇ ಕತ್ತಿಯಿಂದ ಇರಿದುಕೊಂಡು, ಸೇನಾಪತಿ ಕ್ಷೇಮವಾಗಿದ್ದಾನೆ ಎಂದು ಉತ್ತರಿಸಿ ಅವನು ಸತ್ತ. ಪ್ರತಿಮೆಗಳ ಕೆಳಗೆ ಹೆಸರು ತಪ್ಪಿಸಿದವನು ಆ ಒಂದು ಮಾತಿನಲ್ಲಿ ಮಾತ್ರ ಪೂರ್ವಿಕರ ಧಾಟಿಯನ್ನು ಸರಿಯಾಗಿ ಹಿಡಿದಿದ್ದ.

ಸೀಸರ್‌ನ ಸಾವಿನ ನಂತರ ಅವನ ದತ್ತುಪುತ್ರ ಆಗಸ್ಟಸ್ ಏಕಾಧಿಪತ್ಯ ಸ್ಥಾಪಿಸಿದ ಮೇಲೂ ಕಾನ್ಸಲ್‌ಗಳ ಆಯ್ಕೆ ನಿಲ್ಲಲಿಲ್ಲ. ಕ್ರಿ.ಪೂ. 16ರಲ್ಲಿ ಮತ್ತೊಬ್ಬ ಪಬ್ಲಿಯಸ್ ಕೊರ್ನೇಲಿಯಸ್ ಸ್ಕಿಪಿಯೊ ಆ ಪದವಿಗೆ ಬಂದ. ಆದರೆ ಅವನ ತಾಯಿ ಸ್ಕ್ರಿಬೋನಿಯ ಒಂದು ಕಾಲಕ್ಕೆ ಆಗಸ್ಟಸ್‌ನ ಹೆಂಡತಿಯಾಗಿದ್ದವಳು. ಅದೇ ವರ್ಷ ಅವನ ಸೋದರಿ, ಇನ್ನೊಬ್ಬ ಕೊರ್ನೇಲಿಯ, ತೀರಿಕೊಂಡಾಗ ಕವಿ ಪ್ರೊಪೆರ್ಷಿಯಸ್ ಆಕೆಯ ಬಾಯಿಂದಲೇ ಮಾತಾಡಿಸಿ ಒಂದು ಶೋಕಗೀತೆ ಬರೆದ. ಅದರಲ್ಲಿ ಆಕೆ ಆಫ್ರಿಕಾವನ್ನೂ ನುಮಾಂಟಿಯವನ್ನೂ ಗೆದ್ದ ತನ್ನ ಪೂರ್ವಿಕರನ್ನು ಕ್ರಮ ತಪ್ಪದೆ ನೆನೆಯುತ್ತಾಳೆ. ಆಮೇಲೆ, ತನ್ನ ಸಾವಿಗೆ ಆಗಸ್ಟಸ್ ಕಣ್ಣೀರಿಟ್ಟದ್ದನ್ನು ಜನ ಕಂಡರೆಂದು ಹೆಮ್ಮೆಪಡುತ್ತಾಳೆ.